ವೈರಸ್ಸಿನ ತಲೆಗೆ ಕಟ್ಟಿದ ಕಳವು

ಸುರೇಖಾ ರೊಟ್ಟಿ ತಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಪಡಸಾಲೆಯಿಂದ ಮಗಳು ಪಲ್ಲವಿ ಕೂಗಿದಳು. "ಅವ್ವಾ, ಕಾಕಾನ ಕಂಪ್ಯೂಟರ್ ಕೆಂಪಾಗೇತಿ!"

ಹಿಟ್ಟಿನ ಕೈಯಲ್ಲೇ ಓಡಿದಳು. ತೆರೆಯ ಮೇಲೆ, ‘ಕ್ಯಾಶ್’ ಎಂಬ ಯಾವುದೋ ಫೈಲುಗಳಲ್ಲಿ ವೈರಸ್ ಸಿಕ್ಕಿದೆ ಎಂಬ ಎಚ್ಚರಿಕೆ. ಅದರ ಹಿಂದೆ, ಮದುವೆಗಳ ವಿಡಿಯೋ ತೆಗೆಯುವ ಮೈದುನ ಪರಮಾನಂದ ನಿನ್ನೆ ತುಂಬಿಸಿಟ್ಟ ನಾದಿನಿ ಸುನೀತಾಳ ಮದುವೆಯ ವಿಡಿಯೋ, ತುಣುಕು ತುಣುಕಾಗಿ ಚಿಕ್ಕ ಚೌಕಗಳಲ್ಲಿ. ಒಂದು ಚೌಕದಲ್ಲಿ ಸುರೇಖಾಳದೇ ಮುಖ, ಅವಳದೇ ಕೈ ಒಡವೆ ಡಬ್ಬಿಯೊಳಗೆ. ಬಳೆ ಇಡಿಸುವ ಕೋಣೆಯಲ್ಲಿ ಅವನು ಬಿಟ್ಟುಹೋಗಿದ್ದ ಕ್ಯಾಮೆರಾ ನಡೆಯುತ್ತಲೇ ಇತ್ತು!

"ಅವ್ವಾ, ಒಂದ್ ಮಾತ..."

"ಆಮ್ಯಾಲ. ಮೊದಲ ಜಳಕ ಮಾಡ್ಹೋಗು."

ಆ ದಿನ ಡಬ್ಬಿಯಿಂದ ಅವಳು ತೆಗೆದದ್ದು ಬಂಗಾರದ ಗುಂಡಿನ ಸರ, ಬೋರಮಾಳ. ಹಲಸಂಗಿಯ ತವರಿನಿಂದ ತಾಯಿ ಹಾಕಿ ಕಳಿಸಿದ್ದು. ಜೋಪಾನ ಮಾಡುತ್ತೇನೆಂದು ಇಸಿದುಕೊಂಡಿದ್ದ ಅತ್ತೆ ಇಂದ್ರಾಬಾಯಿ, ಒಂದು ಮಾತೂ ಕೇಳದೆ ಅದನ್ನು ಮಗಳ ಒಡವೆಗಳ ಜೊತೆ ಸೇರಿಸಿಬಿಟ್ಟಿದ್ದಳು. ಈಗ ಅದು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿತ್ತು. ಕಳವಿನ ಹೆಸರು ಬಂದದ್ದು ಅದೇ ಕೋಣೆಯಲ್ಲಿ ಬಳೆ ಇಟ್ಟ ಬಳೆಗಾರ್ತಿ ಅಬಿದಾಗೆ. ವಿಡಿಯೋ ನೋಡಿಯೇ ತೀರ್ಮಾನವೆಂದು ಅತ್ತೆ ಅವಳನ್ನು ಇವತ್ತೇ ಕರೆಸಿದ್ದಳು.

ಪರಮಾನಂದ ಮುದ್ದೇಬಿಹಾಳದ ಮದುವೆ ಮುಗಿಸಿ ಬರುವುದು ಮಧ್ಯಾಹ್ನ. ಕ್ಯಾಮೆರಾದ ಕಾರ್ಡನ್ನು ಅಲ್ಲಿಗೆಂದೇ ಖಾಲಿ ಮಾಡಿ ಒಯ್ದಿದ್ದ. ಸುರೇಖಾ ವಿಡಿಯೋ ಅಳಿಸಿದಳು, ರಿಸೈಕಲ್ ಬಿನ್ ಬರಿದು ಮಾಡಿದಳು, ಮೌಸಿಗೆ ಅಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಕೆಂಪು ಎಚ್ಚರಿಕೆಯನ್ನು ಮಾತ್ರ ಮುಟ್ಟಲಿಲ್ಲ. ವೈರಸ್ ತಿಂದಿತೆಂದರೆ ಯಾರು ಯಾರನ್ನು ಕೇಳುತ್ತಾರೆ? ಪುರಾವೆ ಇಲ್ಲದಿದ್ದರೆ ಅಬಿದಾಳೂ ಪಾರು. ಹಾಗೆಂದುಕೊಂಡು ಒಳಗೆ ಹೋಗಿ, ಹೊತ್ತಿ ಕರ್ರಗಾಗಿದ್ದ ರೊಟ್ಟಿಯನ್ನು ತಿರುವಿದಳು.

"ವೈನಿ, ವಿಡಿಯೋನ ಇಲ್ಲಲ್ರಿ!" ಮಧ್ಯಾಹ್ನ ಪರಮಾನಂದ ತಲೆ ಹಿಡಿದುಕೊಂಡ.

"ಮುಂಜಾನಿಂದ ಕೆಂಪಗ ತೋರಸಾಕತ್ತಿತ್ತಪಾ. ವೈರಸ್ ತಿಂದಿರಬೇಕು."

"ವೈರಸ್ಸಿಗೂ ಇಕಿಗೂ ಬೀಗಸ್ತನ ಇದ್ದಂಗೈತಿ!" ಇಂದ್ರಾಬಾಯಿ ಬಾಗಿಲಲ್ಲಿದ್ದ ಅಬಿದಾಳತ್ತ ಮೂತಿ ತಿರುವಿದಳು. "ಪೊಲೀಸರಿಗೆ ಫೋನ್ ಹಚ್ಚೋ ಪರಮ್ಯಾ. ಅವರ ಕೇಳಲಿ."

ಹೊಸ್ತಿಲಲ್ಲಿ ಕೂತಿದ್ದ ಅಬಿದಾ ಎದ್ದುನಿಂತಳು. "ಈ ಮನಿ ಹೆಣ್ಮಕ್ಕಳ ಕೈ ಹಿಡದು ಬಳಿ ಇಟ್ಟಾಕಿರಿ ನಾ. ಇವತ್ತ ನನ್ನ ಕೈ ಹಿಡಿಯವ್ರು ಯಾರೂ ಇಲ್ಲೇನ್ರಿ?"

ಸುರೇಖಾ ತನ್ನ ಮುಂಗೈ ನೋಡಿಕೊಂಡಳು. ಆ ಹಸಿರು ಬಳೆಗಳನ್ನು ಇಟ್ಟವಳೂ ಇವಳೇ. ಹೇಳಿದರೆ ಮನೆ ಹೋಯಿತು, ಹೇಳದಿದ್ದರೆ ಅಬಿದಾ ಹೋದಳು. ಪಲ್ಲವಿ ಮತ್ತೆ ಬಾಯಿ ತೆರೆದಾಗ ಅದಕ್ಕೊಂದು ರೊಟ್ಟಿ ಚೂರು ತುರುಕಿದಳು.

"ತಡಿಯವ್ವಾ, ಮೊದಲ ಈ ವೈರಸ್ ತಗೀತೇನಿ," ಎಂದು ಪರಮಾನಂದ ಕುರ್ಚಿ ಎಳೆದ.

ಕೆಂಪು ಎಚ್ಚರಿಕೆ ತೋರಿಸಿದ ದಾರಿ ಹಿಡಿದೇ ಅವನು ಕ್ಯಾಶ್ ಫೋಲ್ಡರ್ ತೆರೆದ. ಒಮ್ಮೆ ಕಂಡದ್ದನ್ನೆಲ್ಲ ಮತ್ತೆ ಬೇಕಾದೀತೆಂದು ಕಂಪ್ಯೂಟರ್ ಅಲ್ಲಿ ಕೂಡಿಡುತ್ತದೆಂಬುದು ಸುರೇಖಾಗೆ ಗೊತ್ತಿರಲಿಲ್ಲ. ಅವಳು ಅಳಿಸಿದ ವಿಡಿಯೋ ಪುಟ್ಟ ಪುಟ್ಟ ಚಿತ್ರಗಳಾಗಿ ತೆರೆಯ ತುಂಬ ಹರಡಿತು: ಬಳೆಯ ಬುಟ್ಟಿ, ಡಬ್ಬಿ, ಅವಳ ಮುಖ, ಅವಳ ಕೈಯಲ್ಲಿ ಬೋರಮಾಳ. ಪಲ್ಲವಿ ಬಾಯೊಳಗಿನ ರೊಟ್ಟಿ ನುಂಗಿ, ಬೆಳಗಿನಿಂದ ತಡೆದಿಟ್ಟದ್ದನ್ನು ಕೇಳಿಯೇಬಿಟ್ಟಳು. "ಅವ್ವಾ, ಅದು ಹಲಸಂಗಿ ಅಮ್ಮ ನಿನಗ ಕೊಟ್ಟಿದ್ದಲ್ಲಾ? ನಿಂದ ನೀ ಯಾಕ ಕದ್ದಿ?"