ಹಯಾತ್ ಲೆಕ್ಕಕ್ಕೆ ಬಿದ್ದ ಬಾಡಿಗೆ

ಪಿಎಸ್‌ಐ ಅಭಿಜ್ಞಾ ಮಗಳಿಗೆ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಶಿರಸಿ ಠಾಣೆಯಿಂದ ಫೋನು ಬಂತು. ಬಾಚಣಿಗೆಯನ್ನು ಅತ್ತೆಯ ಕೈಗಿತ್ತು ಹೊರಟರು.

ಠಾಣೆಯಲ್ಲಿ ಟೆಂಪೊ ಮಾಲೀಕ ಹಯಾತ್ ಮಗಳು ಯಾಸ್ಮೀನಳೊಂದಿಗೆ ಕೂತಿದ್ದರು. ಮಸಾಲೆ ಕಂಪನಿಯೊಂದರ ಸರಕನ್ನು ಸಿದ್ದಾಪುರ, ಯಲ್ಲಾಪುರಕ್ಕೆ ಗುತ್ತಿಗೆಯಲ್ಲಿ ಸಾಗಿಸುವವರು. ಕಂಪನಿ ಬಾಡಿಗೆಯಲ್ಲಿ ಟಿಡಿಎಸ್ ತೆರಿಗೆ ಹಿಡಿದು ಅವರ ಪ್ಯಾನ್ ಲೆಕ್ಕಕ್ಕೆ ಕಟ್ಟುತ್ತಿತ್ತು. ಈ ವರ್ಷ ಆ ಲೆಕ್ಕದಲ್ಲಿ ಅವರು ಕಂಡೇ ಇರದ ಲಕ್ಷಗಟ್ಟಲೆ ಬಾಡಿಗೆ ಸೇರಿತ್ತು. ವರಮಾನ ಮಿತಿ ದಾಟಿತೆಂದು ಯಾಸ್ಮೀನಳ ವಿದ್ಯಾರ್ಥಿವೇತನ ತಡೆಹಿಡಿದಿದ್ದರು. ಶುಕ್ರವಾರದೊಳಗೆ ಸರಿಯಾಗದಿದ್ದರೆ ಶುಲ್ಕ ಕಟ್ಟಲಾಗದೆ ನರ್ಸಿಂಗ್ ಸೀಟೂ ಹೋಗುತ್ತಿತ್ತು.

"ಕಂಪನಿಯವ್ರು ಎಂತ ಅಂದ್ರು?"

"ಕಣ್ತಪ್ಪಿರ್ಬೇಕು, ಮುಂದಿನ ಸಲ ನೋಡೋಣ ಅಂದ್ರು ಮೇಡಂ. ಅಲ್ಲೀವರೆಗೆ ಇವಳ ಸೀಟು ಕಾಯ್ತದಾ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಂಪನಿಯಲ್ಲಿ ಪಂಚನಾಮೆ ನಡೆಸಿ ಕಂಪ್ಯೂಟರ್ ವಶಪಡಿಸಿಕೊಂಡರು. ಮೊದಲು ಸಲ್ಲಿಸಿದ ಟಿಡಿಎಸ್ ವಿವರ ಸರಿಯಾಗಿಯೇ ಇತ್ತು. ಜೂನ್‌ನಲ್ಲಿ ಯಾರೋ ತಿದ್ದುಪಡಿ ಸಲ್ಲಿಸಿ ಹಯಾತ್ ಹೆಸರಿಗೆ ಹೆಚ್ಚಿನ ಬಾಡಿಗೆ ತೋರಿಸಿದ್ದರು. ಕೈತಪ್ಪೇ ಇರಬೇಕೆಂದು ಹೆಡ್ ಕಾನ್‌ಸ್ಟೆಬಲ್ ನಾಗಪ್ಪನೂ ಹೇಳಿದ.

"ಇವರ ಲೆಕ್ಕಕ್ಕೆ ಬಂದದ್ದು ಇನ್ನೊಬ್ರ ಲೆಕ್ಕದಿಂದ ಹೋಗಿರ್ಬೇಕಲ್ಲ ನಾಗಪ್ಪ? ಕಟ್ಟಿದ ತೆರಿಗೆ ಕಾಣದಿದ್ರೆ ಯಾವ ಗುತ್ತಿಗೆದಾರ ಸುಮ್ನಿರ್ತಾನೆ?"

"ನಮ್ಮ ಭಾವ ಆಗಿದ್ರೆ ಆಡಿಟರ್ ಮನೆ ಬಾಗಿಲು ಮುರೀತಿದ್ದ."

ಲೆಕ್ಕದಿಂದ ಬಾಡಿಗೆ ಹೋಗಿಯೂ ಸುಮ್ಮನಿದ್ದವರು ಒಬ್ಬರೇ: ಕಂಪನಿಯ ಸರಕು ಸಾಗಿಸುವ ಇನ್ನೊಂದು ಟೆಂಪೊದ ರಘುಪತಿ. ಕೇಳಿದರೆ, ತೆರಿಗೆಯ ಕಾಗದಪತ್ರವೆಲ್ಲ ಹೆಂಡತಿ ನೋಡಿಕೊಳ್ಳುತ್ತಾಳೆಂದರು. ಹೆಂಡತಿ ವಾಣಿಶ್ರೀ ಅದೇ ಕಂಪನಿಯ ಲೆಕ್ಕಪತ್ರ ವಿಭಾಗದವರು.

ಸಂಜೆ ವಾನಳ್ಳಿಯ ಮನೆಯಲ್ಲಿ ವಾಣಿಶ್ರೀ ಹೆಚ್ಚು ಹೊತ್ತು ಅಲ್ಲಗಳೆಯಲಿಲ್ಲ.

"ನಿಮ್ಮ ಗಂಡನ ತೆರಿಗೆ ರೀಫಂಡೇ ಹೋಯ್ತಲ್ಲ?"

"ಹೋಗ್ಲಿ ಬಿಡಿ."

"ಹಯಾತ್ ನಿಮಗೆ ಎಂತ ಮಾಡಿದ್ರು?"

"ಎಂತದೂ ಇಲ್ಲ." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವ್ರ ಮಗಳೂ ನನ್ನ ಮಗಳೂ ಒಂದೇ ಬೆಂಚಲ್ಲಿ ಕೂತು ಓದಿದವ್ರು. ಅವಳಿಗೆ ಸೀಟು ಸಿಕ್ತು, ನಮ್ಮ ಸಮೃದ್ಧಿಗೆ ಸಿಗ್ಲಿಲ್ಲ. ಹಯಾತ್ ಆಫೀಸಿಗೆ ಬಂದು ಪೇಡೆ ಹಂಚಿದ್ರು. ನನ್ನ ಕೈಲೂ ಒಂದಿಟ್ರು. ನುಂಗ್ಲಿಕ್ಕೆ ಆಗ್ಲಿಲ್ಲ ಮೇಡಂ."

ಅಭಿಜ್ಞಾ ಕಾಲೇಜಿಗೆ ಫೋನು ಮಾಡಿದರು. ಎಫ್‌ಐಆರ್ ಪ್ರತಿ ತಲುಪಿದರೆ ಸೀಟು ಉಳಿಸಿಕೊಳ್ಳುವುದಾಗಿ ಪ್ರಾಂಶುಪಾಲರು ಒಪ್ಪಿದರು. ನಂತರ ಅಭಿಜ್ಞಾ ಬಂಧನದ ಮೆಮೊಗೆ ಸಾಕ್ಷಿಯಾಗಿ ರಘುಪತಿಯ ಸಹಿ ಪಡೆದರು. ಹಣದಾಸೆ ಕಂಡುಬಂದಿಲ್ಲ, ಆರೋಪಿಯದು ಮಗಳ ಗೆಳತಿಯ ಮೇಲಿನ ಮತ್ಸರ ಎಂದು ಕೇಸ್ ಡೈರಿಯಲ್ಲಿ ಬರೆದರು.

ಕಾನ್‌ಸ್ಟೆಬಲ್ ದುರ್ಗಮ್ಮ ವಾಣಿಶ್ರೀಯ ತೋಳು ಹಿಡಿದು ಮೆಟ್ಟಿಲಿಳಿಸುವಾಗ, ಅಲ್ಲಿಯವರೆಗೂ ಬಾಗಿಲಿಗೆ ಒರಗಿ ನಿಂತಿದ್ದ ಸಮೃದ್ಧಿ ಮನೆಮಾತಿನಲ್ಲಿ ಕೇಳಿದಳು.

"ಅಮ್ಮಾ, ಯಾಸ್ಮೀನಂಗೆ ಸೀಟು ಸಿಕ್ಕಿದ್ದಕ್ಕೆ ಎಂಗೇ ಹೊಟ್ಟೆಕಿಚ್ಚು ಆಗಿತ್ತಿಲ್ಲೆ. ನಿಂಗೆ ಎಂತಕ್ಕೆ ಆತು?"