ಹಳದಿ ಟೋಕನ್

"ಹಳದಿ ಒಂಬತ್ತು! ಯಾರ್ರೀ ಹಳದಿ ಒಂಬತ್ತು?"

ಅಟೆಂಡರ್ ಅಂಕಲ್ ಮೂರು ಸಲ ಕೂಗಿದರು. ಬೆಂಚುಗಳ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಯಾರೂ ಏಳಲಿಲ್ಲ.

"ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು. ಟೋಕನ್ ತಗೊಂಡು ಎಲ್ಲಿ ಮಾಯ ಆಗ್ತಾರೋ!" ಎಂದು ಗೊಣಗಿ, ಅವರು ಹತ್ತನೇ ನಂಬರ್ ಕರೆದರು. ಒಬ್ಬ ಅಣ್ಣ ತಲೆ ತಗ್ಗಿಸಿಕೊಂಡು ಏಳನೇ ರೂಮಿಗೆ ನುಗ್ಗಿದ.

ಮುಂದಿನದು ಹನ್ನೊಂದು. ಅದು ಗುಬ್ಬಿಯ ಅಪ್ಪನ ನಂಬರ್.

ಗುಬ್ಬಿ ಐದನೇ ಕ್ಲಾಸು. ಒಂದು ಕಡೆ ಕೂತಿದ್ದೇ ಇಲ್ಲ, ಅದಕ್ಕೇ ಅಪ್ಪ ಆ ಹೆಸರಿಟ್ಟಿದ್ದ. ಆದರೆ ಸ್ಕೂಲಿಗೆ ರಜೆ ಇದ್ದ ಈ ದಿನ ಅಮ್ಮ ಅವಳಿಗೆ ಕೂರುವ ಕೆಲಸವನ್ನೇ ಕೊಟ್ಟಿದ್ದಳು. "ಅಪ್ಪ ಎದ್ದು ಹೋಗದ ಹಾಗೆ ನೋಡ್ಕೋ. ಕರೆದಾಗ ಒಳಗೆ ಕಳಿಸು. ಅಷ್ಟು ಮಾಡು ಸಾಕು."

ಅಮ್ಮ ಇದೇ ಆರೋಗ್ಯ ಕೇಂದ್ರದಲ್ಲಿ ಆಯಾ. ಹೋದ ತಿಂಗಳವರೆಗೂ ಏಳನೇ ರೂಮಿನಲ್ಲಿ ಮುರಿದ ಮಂಚ, ಕೆಟ್ಟ ಫ್ಯಾನು ತುಂಬಿದ್ದವು. ಈಗ ಅಲ್ಲಿ ಹೊಸ ವಿಭಾಗ. ನಿದ್ದೆ ಬಾರದವರು, ಸುಮ್ಮಸುಮ್ಮನೆ ಅಳು ಬರುವವರು, ಕುಡಿತ ಬಿಡಬೇಕು ಅನ್ನುವವರು ಅಲ್ಲಿಗೆ ಬರುತ್ತಾರೆ. ತಿಂಗಳಿಗೊಮ್ಮೆ ಬರುತ್ತಿದ್ದ ಡಾಕ್ಟರಮ್ಮ ಈಗ ದಿನಾ ಬರುತ್ತಾರೆ. ರೂಮು ಹೆಚ್ಚಾಯಿತು, ನೆಲ ಒರೆಸುವ ಕೈ ಮಾತ್ರ ಹೆಚ್ಚಾಗಲಿಲ್ಲ. ಮನೆಗೆ ಬಂದ ಅಮ್ಮ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾಳೆ.

ಹಳದಿ ಟೋಕನ್ ಗುಬ್ಬಿಯದೇ ಐಡಿಯಾ. ಜ್ವರ, ಕೆಮ್ಮಿನವರಿಗೆ ಮೊದಲಿನಿಂದಲೂ ಬಿಳಿ ಟೋಕನ್ ಇತ್ತು. ಹೊಸ ರೂಮಿನವರ ನಂಬರ್ ಅದರಲ್ಲಿ ಕಲಸಿಹೋಗಬಾರದು ಎಂದು ಅಮ್ಮನಿಗೆ ಬೇರೆ ಟೋಕನ್ ಮಾಡಲು ಹೇಳಿದ್ದರು. "ಹಳದಿ ಮಾಡೋಣಮ್ಮ, ದೂರದಿಂದ್ಲೂ ಕಾಣುತ್ತೆ!" ಎಂದು ಗುಬ್ಬಿ ತಾನೇ ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಲ್ಲಿ ನಂಬರ್ ಬರೆದಿದ್ದಳು. ಆವತ್ತು ಅವಳ ಜಂಬ ಕೇಳಬೇಕೇ!

ಅಪ್ಪ ಟೈಲರ್. ಕುಡಿತ ನಿಲ್ಲಿಸಿ ನಾಲ್ಕು ದಿನವಾಗಿತ್ತು. ನಾಲ್ಕು ದಿನದಿಂದ ನಿದ್ದೆಯಿಲ್ಲ. ಕೈ ನಡುಗುತ್ತಿದ್ದುದರಿಂದ ಸೂಜಿಗೆ ದಾರವನ್ನೂ ಗುಬ್ಬಿಯೇ ಪೋಣಿಸಿ ಕೊಡುತ್ತಿದ್ದಳು. ಹಿಂದೆ ಎರಡು ಸಲ ಅಪ್ಪ ಈ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದ.

"ಈ ಸಲವೂ ಹಂಗೇ ಮಾಡಿದ್ರೆ ನನ್ನ ಕೈಲಾಗಲ್ಲ. ನಂಗೂ ಸಾಕಾಗಿದೆ" ಎಂದು ಬೆಳಗ್ಗೆ ಅಮ್ಮ ಹೇಳಿದ್ದಳು. ಕೂಗಾಡಿದ್ದರೆ ಗುಬ್ಬಿ ಹೆದರುತ್ತಿರಲಿಲ್ಲ. ಆದರೆ ಅಮ್ಮ ಅದನ್ನು ಮೆಲ್ಲಗೆ ಹೇಳಿದ್ದಳು.

ಅಷ್ಟರಲ್ಲಿ ಎದುರು ಬೆಂಚಿನಿಂದ ಯಾರೋ ಕೈ ಬೀಸಿದರು. ಅಯ್ಯೋ, ಕ್ಲಾಸ್ ಲೀಡರ್! ಮಾತಾಡಿದವರ ಹೆಸರನ್ನೆಲ್ಲ ಬೋರ್ಡ್ ಮೇಲೆ ಬರೆಯುವ ಹುಡುಗಿ ಅವಳು. ಅವಳಿಗೆ ಗೊತ್ತಾದರೆ ಇಡೀ ಸ್ಕೂಲಿಗೆ ಗೊತ್ತಾದ ಹಾಗೆ. ಅವಳು ತನ್ನ ಅಜ್ಜಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

"ಏನೇ, ನೀನಿಲ್ಲಿ?"

"ಅಪ್ಪನ ಜೊತೆ ಬಂದೆ. ನೀನು?"

"ನಮ್ಮಜ್ಜಿಗೆ ಕೆಮ್ಮು. ಸಿಕ್ಕಾಪಟ್ಟೆ ಕೆಮ್ಮು! ನಿಮ್ಮಪ್ಪಂಗೆ ಏನಾಗಿದೆ?"

"ಜ್ವರ" ಎಂದುಬಿಟ್ಟಳು ಗುಬ್ಬಿ.

ಅಪ್ಪನಿಗೆ ಅದು ಕೇಳಿಸಿತು. ಅವನು ಹಳದಿ ಟೋಕನ್ ಅನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಹಳದಿ ಹನ್ನೊಂದು!"

"ಅಪ್ಪಾ, ಏಳು" ಗುಬ್ಬಿ ಪಿಸುಗುಟ್ಟಿದಳು.

"ಜ್ವರದೋರು ಏಳನೇ ರೂಮಿಗೆ ಹೋಗ್ತಾರಾ, ಗುಬ್ಬಿ?" ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ಬಿಡು, ಇನ್ನೊಂದಿನ ಬಂದ್ರಾಯ್ತು."

ಅವನು ಕಾಲಿನಿಂದ ಚಪ್ಪಲಿ ತಡಕಾಡಿದ.

ಗುಬ್ಬಿ ತಿರುಗಿ ಅಮ್ಮನನ್ನು ಹುಡುಕಿದಳು. ವರಾಂಡದ ಕೊನೆಯಲ್ಲಿ ಅಮ್ಮ ಒರೆಸುವ ಕೋಲಿಗೆ ಗಲ್ಲ ಆನಿಸಿ ಇತ್ತಲೇ ನೋಡುತ್ತಿದ್ದಳು. ಹತ್ತಿರ ಬರಲಿಲ್ಲ, ಕರೆಯಲೂ ಇಲ್ಲ.

"ಹನ್ನೊಂದೂ ಇಲ್ವೇನ್ರೀ? ಸರಿ, ಹನ್ನೆರಡು..."

ಗುಬ್ಬಿ ಅಪ್ಪನ ಜೇಬಿಗೆ ಕೈ ಹಾಕಿದಳು. ಟೋಕನ್ ಎತ್ತಿ ಹಿಡಿದಳು.

"ಅಂಕಲ್! ಹನ್ನೊಂದು ನಮ್ದು! ನಮ್ಮಪ್ಪಂದು!"

ಅಷ್ಟೂ ಬೆಂಚು ಅವಳತ್ತ ತಿರುಗಿತು. ಅವಳೇ ಹೇಳಿದ್ದ ಹಾಗೆ, ಹಳದಿ ದೂರದಿಂದಲೂ ಚೆನ್ನಾಗಿ ಕಾಣುತ್ತಿತ್ತು. ಕೈ ಇಳಿಸಿಬಿಡೋಣ ಅನ್ನಿಸಿದರೂ ಇಳಿಸಲಿಲ್ಲ.

ಅಪ್ಪ ಎದ್ದು ನಿಂತ. ಅವಳ ಕೈಯಿಂದ ಟೋಕನ್ ತೆಗೆದುಕೊಂಡು, ಅವಳ ತಲೆ ಮುಟ್ಟಿ, ಏಳನೇ ರೂಮಿನೊಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

"ಜ್ವರ ಅಂದ್ಯಲ್ಲೇ?" ಕೇಳಿದಳು ಕ್ಲಾಸ್ ಲೀಡರ್.

"ಸುಳ್ಳು ಹೇಳ್ದೆ."

ನಗುತ್ತಾಳೆ ಅಂದುಕೊಂಡಿದ್ದಳು ಗುಬ್ಬಿ. ಕ್ಲಾಸ್ ಲೀಡರ್ ನಗಲಿಲ್ಲ. ತಿರುಗಿ ತನ್ನ ಅಜ್ಜಿಯನ್ನು ನೋಡಿದಳು. ಇಷ್ಟು ಹೊತ್ತಿನಲ್ಲಿ ಆ ಅಜ್ಜಿ ಒಂದು ಸಲವೂ ಕೆಮ್ಮಿರಲಿಲ್ಲ.

ಅಜ್ಜಿ ಕಣ್ಸನ್ನೆಯಲ್ಲೇ ಗುಬ್ಬಿಯನ್ನು ಹತ್ತಿರ ಕರೆದರು. ಸೆರಗಿನ ಮರೆಯಲ್ಲಿ ಮುಷ್ಟಿ ಬಿಚ್ಚಿದರು. ಒಳಗೆ ನಾಲ್ಕು ಮಡಿಕೆ ಮಾಡಿದ ಹಳದಿ ರಟ್ಟು. ಗುಬ್ಬಿ ಬರೆದಿದ್ದ ಒಂಬತ್ತು ಬೆವರಿಗೆ ಕದಡಿಹೋಗಿತ್ತು.

"ಮಗೂ, ಒಂಬತ್ತು ಹೋಗೇ ಬಿಡ್ತಾ? ಇನ್ನು ಕರೆಯಲ್ವಾ?"

"ಕರೀತಾರೆ ಅಜ್ಜಿ. ನಾನು ಹೋಗಿ ಹೇಳ್ತೀನಿ."

ಅವಳು ಹೋಗಿ ಅಟೆಂಡರ್ ಅಂಕಲ್ ಕಿವಿಯಲ್ಲಿ ಹೇಳಿದಳು. ಈ ಸಲ ಅವರು ಕೂಗಲಿಲ್ಲ. ಅಜ್ಜಿಯ ಹತ್ತಿರ ಬಂದು "ಕೂತಿರಿ ಅಮ್ಮ, ಈ ಮಗು ಅಪ್ಪಂದು ಮುಗಿದ ಮೇಲೆ ನಿಮ್ದೇ" ಎಂದು ಮೆಲ್ಲಗೆ ಹೇಳಿ ಹೋದರು.

ಅಮ್ಮ ಬಕೆಟ್ ಕೆಳಗಿಟ್ಟು ಗುಬ್ಬಿಯ ಪಕ್ಕ ಕುಸಿದು ಕೂತಳು. ಬೆಳಗ್ಗೆಯಿಂದ ಅವಳು ಕೂತದ್ದು ಇದೇ ಮೊದಲು. ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ಅಮ್ಮಾ, ಬಿಳಿ ರಟ್ಟು ಉಳಿದಿದೆಯಾ?"

"ಇದೆ. ಯಾಕೆ?"

"ಇವತ್ತು ಬೇರೆ ಟೋಕನ್ ಮಾಡೋಣ. ಕಲಸಿಹೋಗದ ಹಾಗೆ ಮೂಲೇಲಿ ಚಿಕ್ಕ ಗುರುತು ಹಾಕಿದ್ರಾಯ್ತು."

"ಹಳದಿಗೆ ಏನಾಯ್ತೇ? ದೂರದಿಂದ್ಲೂ ಕಾಣುತ್ತೆ ಅಂತ ನೀನೇ ಹೇಳಿದ್ದೆ."

"ಹೂಂ" ಎಂದಳು ಗುಬ್ಬಿ. "ಅದಕ್ಕೇ."