ಹದಿನೇಳನೆಯ ಬುಟ್ಟಿ

ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ಯಂತ್ರದ ಕೈಗಳು ಬೆಳಗಿನಿಂದ ಸಿಪ್ಪೆ ಸುಲಿಯುತ್ತಿದ್ದವು. ಒಂದು ತಿರುಳೂ ಮುರಿದಿರಲಿಲ್ಲ. ಹೊರಗೆ ಗೇಟಿನ ಮುಂದೆ ಮೂವತ್ತೊಂಬತ್ತು ಹೆಂಗಸರು ಮುಷ್ಕರ ಕೂತು ಅಂದಿಗೆ ಮೂರನೆಯ ದಿನ. ಪ್ರಾಯವಾಯಿತೆಂದು ಕೆಲಸದಿಂದ ತೆಗೆದ ಬಾಗಿ ಪೂಜಾರ್ತಿಯನ್ನು ಮತ್ತೆ ಸೇರಿಸಿಕೊಳ್ಳಬೇಕೆಂಬುದು ಅವರ ಹಟ. ಒಳಗೆ ಅವಳ ಹದಿನೇಳನೆಯ ಜಾಗವೊಂದೇ ಖಾಲಿ.

"ಮುಷ್ಕರದಿಂದ ನಷ್ಟ ಯಾರಿಗೆ ಅಂತ ಈಗ ಗೊತ್ತಾಗ್ತದೆ," ಎಂದು ಮಾಲೀಕ ಉಪೇಂದ್ರ ಕಾಮತರು ಹೇಳಿದರೇನೋ ನಿಜ. ಕೂತಲ್ಲಿ ಕೂರಲು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಸಂಜೆಯೊಳಗೆ ಲಾರಿ ತುಂಬದಿದ್ದರೆ ಹಡಗು ತಪ್ಪುತ್ತದೆ. ಹಡಗು ತಪ್ಪಿದರೆ ಹೊರದೇಶದ ಗಿರಾಕಿ ಬೇರೆಯವರ ಪಾಲು, ಕಾರ್ಖಾನೆಗೆ ಬೀಗ.

ಈ 'ಕರಸ್ಮೃತಿ' ಯಂತ್ರದ ತತ್ವ ಸರಳ. ಎರಡು ವರ್ಷ ಹೆಂಗಸರ ಕೈಗೆ ಸಂವೇದಕ ಗವಸು ತೊಡಿಸಿ, ತಲೆಯ ಮೇಲೆ ಕ್ಯಾಮೆರಾ ಇಟ್ಟು, ಬೆರಳು ಏನು ಮಾಡುತ್ತದೆ, ಆಗ ಕಣ್ಣು ಎತ್ತ ನೋಡುತ್ತದೆ ಎಂಬುದನ್ನೆಲ್ಲ ವಿಜ್ಞಾನಿ ಶಾರ್ವರಿ ಅದಕ್ಕೆ ಕಲಿಸಿದ್ದಳು.

ಮೂರು ಗಂಟೆಗೆ ಅಷ್ಟೂ ಕೈಗಳು ಒಂದೊಂದು ಹಿಡಿ ತಿರುಳು ಎತ್ತಿಕೊಂಡು, ಹದಿನೇಳನೆಯ ಜಾಗದ ಕಡೆ ಚಾಚಿ, ಹಾಗೆಯೇ ನಿಂತುಬಿಟ್ಟವು.

"ಎಂತಾಯ್ತು ಮೇಡಂ?" ಕಾಮತರು ಓಡಿ ಬಂದರು.

ಹಳೆಯ ದಾಖಲೆ ತೆಗೆದು ನೋಡಿದ ಶಾರ್ವರಿ ಪೆಚ್ಚಾದಳು. "ಮೂರು ಗಂಟೆಯ ತೂಕಕ್ಕೆ ಮೊದಲು ಹೆಂಗಸರೆಲ್ಲ ಬಾಗಿಯಕ್ಕನ ಬುಟ್ಟಿ ಕಡಿಮೆ ಬರಬಾರದು ಅಂತ ಅದಕ್ಕೆ ಒಂದೊಂದು ಹಿಡಿ ಹಾಕ್ತಿದ್ರು ಸರ್. ಬಾಗಿಯಕ್ಕನಿಗೆ ಗೊತ್ತಾಗದ ಹಾಗೆ, ಅವರು ಕಿಟಕಿ ಕಡೆ ತಿರುಗಿದಾಗ ಮಾತ್ರ. ಯಂತ್ರ ಈಗ ಅವರು ಮುಖ ತಿರುಗಿಸೋದನ್ನೇ ಕಾಯ್ತಾ ಇದೆ."

"ಅದೊಂದನ್ನು ಅಳಿಸಿಬಿಡಿ!"

"ಆಗೋದಿಲ್ಲ. ಸುಲಿಯೋದನ್ನೂ ಇದನ್ನೂ ಅದು ಒಂದೇ ಕೆಲಸ ಅಂತ ಕಲಿತಿದೆ."

ಆ ಜಾಗದಲ್ಲಿ ಗುಮಾಸ್ತನನ್ನು ಕೂರಿಸಿ, ಕಿಟಕಿಯತ್ತ ತಿರುಗಿಸಿ ನೋಡಿದರು. ಕೈಗಳು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ ಕಾಮತರೇ ಗೇಟಿಗೆ ಓಡಿದರು.

"ಒಂದು ದಿನವಾದ್ರೂ ನನ್ನ ಬುಟ್ಟಿ ಕಡಿಮೆ ಬಂದದ್ದುಂಟಾ?" ಎಂದು ಗೇಟಿನಲ್ಲಿ ಮೂರು ದಿನದಿಂದ ಜಗಳಾಡುತ್ತಿದ್ದ ಬಾಗಿ, ಒಳಗೆ ಬಂದು ಚಾಚಿದ ಕೈಗಳನ್ನು ಕಂಡಳು. ಶಾರ್ವರಿ ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದಳು. ಮುದುಕಿಗೆ ನಾಚಿಕೆಯಾಯಿತು, ಅಳುವೂ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ತನ್ನ ಜಾಗದಲ್ಲಿ ಕೂತಳು.

"ಕಿಟಕಿ ಕಡೆ ನೋಡಿದ್ರೆ ಸಾಕು ಬಾಗಿಯಕ್ಕ," ಕಾಮತರು ಗಡಿಯಾರ ನೋಡುತ್ತ ಅಂಗಲಾಚಿದರು.

ಬಾಗಿ ಕತ್ತು ಹೊರಳಿಸಲಿಲ್ಲ.

"ಇಷ್ಟು ವರ್ಷ ಆಚೆ ನೋಡಿದ್ದು ಸಾಕು ಧಣಿಗಳೇ. ಗೇಟಿನಲ್ಲಿ ಕೂತವರನ್ನೆಲ್ಲ ಒಳಗೆ ಕರೀರಿ. ಅಲ್ಲಿವರೆಗೆ ನಾನು ಈ ಕೈಗಳನ್ನೇ ನೋಡ್ತಾ ಇರ್ತೇನೆ."